ಕೋಟೆಯ ಗೋಡೆ ಮತ್ತು ಪುಳಿಯೋಗರೆ ಡಬ್ಬಿ

ಜರ್ಮನಿಗೆ ಬಂದಿಳಿಯುವ ಕನ್ನಡದ ಅಪ್ಪ-ಅಮ್ಮಂದಿರ ಮೇಲೆ ಬಹಳ ವರ್ಷಗಳಿಂದ ಒಂದು ಆರೋಪವಿದೆ: ಅವರಿಗೆ ಊರು ನೋಡಲು ಬರುವುದಿಲ್ಲವಂತೆ. ಆರೋಪ ಹೊರಿಸುವವರು ಜರ್ಮನ್ನರಲ್ಲ. ಪಾಪ, ಅವರಿಗೆ ಅಷ್ಟು ಪುರಸೊತ್ತಿಲ್ಲ. ಹೊರಿಸುವವರು ಸ್ವಂತ ಮಕ್ಕಳು. ವೀಸಾ ಅರ್ಜಿ ತುಂಬಿ, ವಿಮೆ ಮಾಡಿಸಿ, ತೊಂಬತ್ತು ದಿನದ ಮಟ್ಟಿಗೆ ಕರೆಸಿಕೊಂಡ ಮಗ-ಸೊಸೆ ಅಥವಾ ಮಗಳು-ಅಳಿಯ. ಅವರು ಹೇಳುವ ಪ್ರಕಾರ, ಐನೂರು ವರ್ಷದ ಕೆತ್ತನೆಯ ಮುಂದೆ ಒಯ್ದು ನಿಲ್ಲಿಸಿದರೂ ಅಮ್ಮ ಕೇಳುವುದು "ಇಲ್ಲಿ ನೀರು ಎಲ್ಲಿ ಸಿಗತ್ತೋ?" ಗೋಪುರದ ಬುಡಕ್ಕೆ ಕರೆತಂದರೆ ಅಪ್ಪ ಕೇಳುವುದು "ಟಿಕೆಟ್ ಎಷ್ಟು? ಯೂರೋ ಬೇಡ, ನಮ್ಮ ದುಡ್ಡಲ್ಲಿ ಹೇಳು." ಮಧ್ಯಾಹ್ನವಾಯಿತೆಂದರೆ ಇಬ್ಬರೂ ಸೇರಿ ನೆರಳಿರುವ ಬೆಂಚು ಹುಡುಕಿ ಪುಳಿಯೋಗರೆ ಡಬ್ಬಿ ಬಿಚ್ಚುತ್ತಾರೆ. ಉಳಿದ ಹೊತ್ತಿನಲ್ಲಿ "ಈ ಮನೇಲಿ ಯಾರಿರ್ತಾರೆ?" ಎಂದು ಕಂಡವರ ಕಿಟಕಿಯೊಳಗೆ ಇಣುಕುತ್ತಾರೆ. ಇಷ್ಟೂ ನಿಜ. ಆದರೆ ಇದರಿಂದ ಅವರು ಊರನ್ನೇ ನೋಡಲಿಲ್ಲ ಎಂದು ತೀರ್ಮಾನಿಸುವುದು ಅವಸರದ ಲೆಕ್ಕ. ನನ್ನ ವಾದ ತದ್ವಿರುದ್ಧ. ಹಳೆಯದೊಂದು ಪುಟ್ಟ ಜರ್ಮನ್ ಊರನ್ನು ಅರ್ಥ ಮಾಡಿಕೊಳ್ಳಲು ನೀರು, ದುಡ್ಡು, ಊಟ, ನೆರೆಹೊರೆ ಎಂಬ ಈ ನಾಲ್ಕು ಪ್ರಶ್ನೆಗಳಿಗಿಂತ ಒಳ್ಳೆಯ ಗೈಡು ಇಲ್ಲ. ಊರು ನೋಡಲು ಬಾರದವರು ಸಂಸಾರದಲ್ಲಿ ಯಾರಾದರೂ ಇದ್ದರೆ, ಅದು ಎಕ್ಸೆಲ್ ಪಟ್ಟಿ ಹಿಡಿದುಕೊಂಡು ಮುಂದೆ ಮುಂದೆ ಓಡುವ ಮಗ.

ಸಾಕ್ಷಿಗೆ ಟೌಬರ್ ನದಿಯ ಮೇಲಿನ ರೋಟೆನ್‌ಬುರ್ಗ್ ಊರನ್ನೇ ಕರೆಯೋಣ. ಬವೇರಿಯಾ ರಾಜ್ಯದ ಈ ಕೋಟೆಯೂರಿನ ಜನಸಂಖ್ಯೆ ಸುಮಾರು 11 ಸಾವಿರ; ನೋಡಲು ಬರುವವರ ಸಂಖ್ಯೆ ಅದರ ಎಷ್ಟೋ ಪಟ್ಟು. ವ್ಯೂರ್ಟ್ಸ್‌ಬುರ್ಗ್‌ನಿಂದ ಆಲ್ಪ್ಸ್ ತಪ್ಪಲಿನ ಫ್ಯೂಸೆನ್‌ವರೆಗೆ ಪ್ರವಾಸಿಗರಿಗೆಂದು 1950ರಲ್ಲಿ ಗೊತ್ತುಮಾಡಿದ ‘ರೊಮ್ಯಾಂಟಿಕ್ ರಸ್ತೆ’ಯ ಮೇಲೆ ಇದು ಬರುತ್ತದೆ. ಮ್ಯೂನಿಕ್, ಎರ್ಲಾಂಗೆನ್ ಕಡೆಯ ಕನ್ನಡ ಸಂಸಾರಗಳು ಇಲ್ಲಿಗೆ ಬರುವುದು ‘ಬಯರ್ನ್ ಟಿಕೆಟ್’ ಎಂಬ ಮಹಾಪ್ರಸಾದದ ಬಲದಿಂದ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ರಾಜ್ಯದ ಸಾಧಾರಣ ರೈಲುಗಳಲ್ಲಿ ದಿನವಿಡೀ ಓಡಾಡಬಹುದು. ಷರತ್ತುಗಳುಂಟು. ವೇಗದ ರೈಲು ಹತ್ತುವಂತಿಲ್ಲ. ಪ್ರಯಾಣಿಕರ ಹೆಸರು ಬರೆಯಬೇಕು. ಇನಿಶಿಯಲ್ ಮುಂದೋ ಹಿಂದೋ ಎಂಬ ಚರ್ಚೆಯಲ್ಲಿ ಒಂದು ಸ್ಟೇಷನ್ ದಾಟಿಹೋಗುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಮೊದಲು ಅದು ನಡೆಯುವುದಿಲ್ಲ; ಆದ್ದರಿಂದ ಐದಕ್ಕೇ ಎದ್ದು ಸ್ನಾನ, ಪೂಜೆ ಮುಗಿಸಿ ಶೂ ಹಾಕಿ ಕುಳಿತ ಅಪ್ಪ ಎಂಟೂವರೆಯವರೆಗೆ ಸೋಫಾದ ಮೇಲೆ ಪ್ರಯಾಣ ಮಾಡುತ್ತಾರೆ. ಇನ್ನು ಐದು ಜನರ ಮಿತಿ. ಮಗ, ಸೊಸೆ, ಅವನ ಅಪ್ಪ-ಅಮ್ಮ, ಅವಳ ಅಪ್ಪ-ಅಮ್ಮ ಕೂಡಿದರೆ ಆರಾಗುತ್ತದೆ. ಎರಡೂ ಕಡೆಯ ಬೀಗರನ್ನು ಒಂದೇ ಬೇಸಿಗೆಯಲ್ಲಿ ಕರೆಸಬಾರದೆಂಬ ವಿವೇಕವನ್ನು ಜರ್ಮನಿಯ ರೈಲ್ವೆ ಹೀಗೆ ಟಿಕೆಟ್ಟಿನಲ್ಲೇ ಅಚ್ಚು ಹಾಕಿಸಿದೆ. ಸ್ಟೈನಾಖ್‌ನಲ್ಲಿ ಇಳಿದು ಪುಟ್ಟ ರೈಲಿಗೆ ಬದಲಾಯಿಸಿಕೊಂಡರೆ ಮುಂದೆ ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಮಗನ ಪಟ್ಟಿ ಹೊರಬರುತ್ತದೆ: ಪುರಭವನದ ಗೋಪುರ, ಚೌಕದ ಗಡಿಯಾರ, ಚರ್ಚಿನ ಬಲಿಪೀಠ, ಕ್ಯಾಲೆಂಡರಿನಲ್ಲಿ ಬರುವ ಕವಲುಬೀದಿ, ಕ್ರಿಸ್‌ಮಸ್ ಅಂಗಡಿ. ಒಂದೊಂದರ ಮುಂದೆಯೂ ನಿಮಿಷಗಳು. ಅದರಲ್ಲಿ ನೀರಿಗೆ ನಿಮಿಷವಿಲ್ಲ.

ಮೊದಲ ಪ್ರಶ್ನೆ ಅದೇ, ನೀರು. ಮಾರುಕಟ್ಟೆ ಚೌಕದ ಮಗ್ಗುಲಲ್ಲಿ ಹೆರ್ಟೆರಿಖ್ ಕಾರಂಜಿ ಇದೆ. ನಡುವಿನ ಕಂಬದ ತುದಿಯಲ್ಲಿ ಸೇಂಟ್ ಜಾರ್ಜ್ ಡ್ರ್ಯಾಗನ್ ಕೊಲ್ಲುತ್ತಿದ್ದಾನೆ, 1608ರ ಅಲಂಕಾರ. ಮಗ ಜಾರ್ಜನ ಫೋಟೋ ತೆಗೆದು ಪಟ್ಟಿಯಲ್ಲಿ ಗೀಟು ಹಾಕುತ್ತಾನೆ. ಅಮ್ಮ ಕಂಬ ಬಿಟ್ಟು ತೊಟ್ಟಿಯೊಳಗೆ ಬಗ್ಗಿ ನೋಡುತ್ತಾರೆ. ಕಾರಂಜಿಯ ಮುಖ್ಯ ವಿಷಯ ಇರುವುದು ಅಲ್ಲಿಯೇ: 8 ಮೀಟರ್ ಆಳ, ಸುಮಾರು 1 ಲಕ್ಷ ಲೀಟರ್ ನೀರು. ಊರು ಇರುವುದು ಗುಡ್ಡದ ಮೇಲೆ, ಟೌಬರ್ ನದಿ ಹರಿಯುವುದು ಕೆಳಗೆ ಕಣಿವೆಯಲ್ಲಿ. ಶತ್ರು ಬಂದು ಸುತ್ತುವರಿದರೆ ಹೊಳೆಗೆ ಕೊಡ ಒಯ್ಯಲು ಆಗುತ್ತದೆಯೇ? ಬೆಂಕಿ ಬಿದ್ದರೆ, ಮರದ ಚೌಕಟ್ಟಿನ ಮನೆಗಳು ಒತ್ತೊತ್ತಾಗಿ ನಿಂತಿರುವ ಬೀದಿಯನ್ನು ಯಾವುದರಿಂದ ಆರಿಸುವುದು? ಊರಿನ ಹಿರಿಯರಿಗೆ ಈ ಚಿಂತೆ ಗೋಡೆ ಕಟ್ಟುವ ಚಿಂತೆಯಷ್ಟೇ ದೊಡ್ಡದಾಗಿತ್ತು. ಉತ್ತರ ದಿಕ್ಕಿನ ಕ್ಲಿಂಗೆನ್ ಗೋಪುರ ಕಾವಲಿನ ಜೊತೆಗೆ ನೀರಿನ ಕೆಲಸವನ್ನೂ ಮಾಡುತ್ತಿತ್ತು; ಕೆಳಗಿನ ನೀರನ್ನು ಅದರ ನೆತ್ತಿಯ ತೊಟ್ಟಿಗೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಊರಿನ ಕಾರಂಜಿಗಳಿಗೆ ಹರಿಸುತ್ತಿದ್ದರು. ದಿನ ಬಿಟ್ಟು ದಿನ ಕಾವೇರಿ ಬರುವ ಬಡಾವಣೆಯಲ್ಲಿ ಸಂಪು, ಟ್ಯಾಂಕು, ಮೋಟರು ಎಂದು ಮೂವತ್ತು ವರ್ಷ ಸಂಸಾರ ತೂಗಿಸಿದವರಿಗೆ ಇದನ್ನು ಯಾವ ಗೈಡೂ ಬಿಡಿಸಿ ಹೇಳಬೇಕಾಗಿಲ್ಲ. ಮಗ ನೋಡಿದ್ದು ಶಿಲ್ಪ. ಅಮ್ಮ ನೋಡಿದ್ದು ಊರು ಬದುಕಿದ ಬಗೆ. ಹೋಟೆಲಿನಲ್ಲಿ ಕುಡಿಯುವ ನೀರಿಗೂ ದುಡ್ಡು, ಆಮೇಲೆ ಶೌಚಾಲಯಕ್ಕೂ ನಾಣ್ಯ ಎಂದು ತಿಳಿದಾಗ ಅವರ ಅಧ್ಯಯನ ತಾನಾಗಿಯೇ ಎರಡನೆಯ ಪ್ರಶ್ನೆಗೆ ಹೊರಳುತ್ತದೆ.

ದುಡ್ಡಿನ ಪ್ರಶ್ನೆ ಅಪ್ಪನ ಖಾತೆಯದು. ಲೆಕ್ಕ ಸುಲಭವಾಗಲೆಂದು ಅವರು ಎಲ್ಲವನ್ನೂ ನೂರರಿಂದ ಗುಣಿಸುತ್ತಾರೆ. ಗುಣಿಸಿದ ಮೇಲೆ ಕಾಫಿ ಕುಡಿಯುವುದಿಲ್ಲ. ಈ ಚಟವನ್ನು ಮಕ್ಕಳು ಹಾಸ್ಯ ಮಾಡುತ್ತಾರೆ. ಆದರೆ ರೋಟೆನ್‌ಬುರ್ಗಿನ ಇತಿಹಾಸವೆಲ್ಲ ದುಡ್ಡಿನ ಸುತ್ತ ಸುತ್ತಿದೆ. 1274ರಲ್ಲಿ ಅದು ಚಕ್ರವರ್ತಿಯ ನೇರ ಅಧೀನದ ಸ್ವತಂತ್ರ ನಗರವಾಯಿತು, ವ್ಯಾಪಾರದಿಂದ ಬೆಳೆಯಿತು, ಆ ಕಾಲಕ್ಕೆ ದೊಡ್ಡ ಊರೆನಿಸಿತು. ಮೂವತ್ತು ವರ್ಷಗಳ ಯುದ್ಧದಲ್ಲಿ, 1631ರಲ್ಲಿ, ಕ್ಯಾಥೊಲಿಕ್ ಪಡೆಯ ಸೇನಾಪತಿ ಟಿಲಿ ಅದನ್ನು ಹಿಡಿದ. ಮೂರು ವರ್ಷಕ್ಕೆ ಪ್ಲೇಗೂ ಬಂತು. ಅಲ್ಲಿಗೆ ಊರಿನ ಕೈ ಬರಿದಾಯಿತು. ಮುಂದೆ ಇನ್ನೂರು ವರ್ಷ ಹೊಸ ಮನೆ ಕಟ್ಟಿಸಲು, ಹಳೆಯ ಗೋಡೆ ಕೆಡವಿ ರಸ್ತೆ ಅಗಲ ಮಾಡಲು ಯಾರಲ್ಲಿಯೂ ಕಾಸಿರಲಿಲ್ಲ. ಬೇರೆ ಊರುಗಳು ಸಾಹುಕಾರರಾಗಿ ತಮ್ಮ ಕೋಟೆಗಳನ್ನು ಒಡೆದುಕೊಂಡವು. ಇದು ಬಡವಾಗಿ ಉಳಿದುಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರಕಾರರು ಬಂದು "ಆಹಾ, ಎಷ್ಟು ಹಳೆಯದು!" ಎಂದು ಬರೆಯತೊಡಗಿದ ಮೇಲೆ, ಅವರ ಹಿಂದೆಯೇ ಪ್ರವಾಸಿಗರು ಬಂದ ಮೇಲೆ, ಹಳೆಯದನ್ನು ಕೆಡವಬಾರದೆಂಬ ನಿಯಮಗಳು ಬಂದವು. "ಇಷ್ಟು ಹಳೇ ಮನೇನ ಯಾಕೋ ಕೆಡವಿಲ್ಲ? ಸೈಟಿಗೆ ಎಷ್ಟು ಬಾಳತ್ತೆ?" ಎಂದು ಬಸವನಗುಡಿಯ ಅಪ್ಪ ಕೇಳಿದರೆ ನಗಬೇಡಿ. ಹೆಂಚಿನ ಮನೆ ಕೆಡವಿ ನಾಲ್ಕು ಅಂತಸ್ತು ಏಳುವುದನ್ನು ಕಣ್ಣಾರೆ ಕಂಡವರು ಅವರು. ಈ ಊರಿನ ಬಗ್ಗೆ ಕೇಳಬಹುದಾದ ಅತ್ಯಂತ ಸರಿಯಾದ ಪ್ರಶ್ನೆ ಅದು, ಮತ್ತು ಮಗನ ಪಟ್ಟಿಯಲ್ಲಿ ಅದಕ್ಕೆ ಉತ್ತರವಿಲ್ಲ.

ಅಪ್ಪನಿಗೆ ಇಡೀ ಊರಿನಲ್ಲಿ ಮೆಚ್ಚುಗೆಯಾಗುವ ಜಾಗ ಕೋಟೆಗೋಡೆ, ಏಕೆಂದರೆ ಅದಕ್ಕೆ ಟಿಕೆಟ್ಟಿಲ್ಲ. ಮೇಲೆ ಮಾಡು, ಪಕ್ಕದಲ್ಲಿ ಕಟಕಟೆ, ಎರಡು ಕಿಲೋಮೀಟರಿಗೂ ಹೆಚ್ಚು ದೂರ ನಡೆಯಬಹುದು. ನಡೆಯುತ್ತ ಅವರು ಗೋಡೆಯಲ್ಲಿ ಹುದುಗಿಸಿದ ಕಲ್ಲುಗಳನ್ನು ಒಂದೊಂದಾಗಿ ಓದುತ್ತಾರೆ: ಅಮೆರಿಕದವರು, ಜಪಾನಿನವರು, ಕಂಪನಿಗಳು, ದಂಪತಿಗಳು, ಯಾರು ಎಷ್ಟು ಮೀಟರ್ ಗೋಡೆಗೆ ಹಣ ಕೊಟ್ಟರು ಎಂಬ ವಿವರ. ನಮ್ಮ ದೇವಸ್ಥಾನಗಳ ಪ್ರಾಕಾರದಲ್ಲಿ ಚಪ್ಪಡಿಗೊಂದು ಹೆಸರು ಕೆತ್ತಿಸುವ ಸೇವಾಕರ್ತರ ಪದ್ಧತಿಯೇ ಇಲ್ಲಿಯೂ ನಡೆದಿದೆ. 1945ರ ಮಾರ್ಚ್ 31ರಂದು ಅಮೆರಿಕದ ವಿಮಾನಗಳು ಬಾಂಬು ಹಾಕಿ ಹಳೆಯ ಊರಿನ ಸುಮಾರು ಶೇ. 40ರಷ್ಟನ್ನು ಸುಟ್ಟವು, ಮುನ್ನೂರಕ್ಕೂ ಹೆಚ್ಚು ಮನೆಗಳು, ಜೊತೆಗೆ ಗೋಡೆಯ ದೊಡ್ಡ ಭಾಗ ಹೋಯಿತು. ಬಿದ್ದ ಗೋಡೆ ಎದ್ದದ್ದು ಈ ವಂತಿಗೆಯಿಂದ. ಮಗನಿಗೆ ಈ ಕಲ್ಲುಗಳು ಫೋಟೋದಲ್ಲಿ ಹಿನ್ನೆಲೆ. ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂದು ಓದುವ ಅಪ್ಪನಿಗೆ ಮಾತ್ರ ಇದು ಮಧ್ಯಯುಗದ ಗೋಡೆಯಷ್ಟೇ ಅಲ್ಲ, ಯುದ್ಧದ ನಂತರದ ಗೋಡೆಯೂ ಹೌದು ಎಂದು ಗೊತ್ತಾಗುತ್ತದೆ.

ಊಟದ ವಿಚಾರಕ್ಕೆ ಬಂದರೆ ಆರೋಪ ಕಟುವಾಗುತ್ತದೆ: ಅಷ್ಟು ದೂರ ಬಂದು ಪುಳಿಯೋಗರೆ ತಿನ್ನುವುದೇ? ತಿನ್ನಲಿ ಬಿಡಿ, ಈ ಊರು ತನ್ನ ಬಗ್ಗೆ ಹೇಳಿಕೊಳ್ಳುವ ಅತಿ ಹೆಮ್ಮೆಯ ಕಥೆಯೂ ಹೊಟ್ಟೆಗೆ ಸಂಬಂಧಿಸಿದ್ದೇ. ಚೌಕದ ಗಡಿಯಾರದಲ್ಲಿ ಗಂಟೆಗೊಮ್ಮೆ ಎರಡು ಕಿಟಕಿ ತೆರೆಯುತ್ತವೆ; ಒಂದರಲ್ಲಿ ಟಿಲಿ, ಇನ್ನೊಂದರಲ್ಲಿ ನುಶ್ ಎಂಬ ಮೇಯರ್. ಮೂರೂಕಾಲು ಲೀಟರ್ ವೈನನ್ನು ಒಂದೇ ಗುಟುಕಿಗೆ ಕುಡಿಯಬಲ್ಲವನಿದ್ದರೆ ಊರು ಸುಡುವುದಿಲ್ಲವೆಂದು ಟಿಲಿ ಪಂಥ ಕಟ್ಟಿದನಂತೆ, ನುಶ್ ಕುಡಿದು ಊರು ಉಳಿಸಿದನಂತೆ. ಟಿಲಿ ಊರು ಹಿಡಿದದ್ದು ಇತಿಹಾಸ. ಕುಡಿದದ್ದು ದಂತಕಥೆ, 1881ರಿಂದ ನಾಟಕವಾಗಿ ಆಡಲಾಗುತ್ತಿದೆ. ಬೊಂಬೆ ಲೋಟ ಎತ್ತುವುದನ್ನು ನೋಡಲು ಕೆಳಗೆ ನೂರಾರು ಜನ ಕತ್ತೆತ್ತಿ ನಿಲ್ಲುತ್ತಾರೆ. ಕುಡಿದೇ ಊರಿಗೆ ಉಪಕಾರ ಮಾಡಿದ ಗಂಡಸಿನ ಕಥೆಯನ್ನು ಸಂಶಯದಿಂದ ಕೇಳುವವರು ಅಮ್ಮಂದಿರು ಮಾತ್ರ. ವಿಮರ್ಶಕ ದೃಷ್ಟಿ ಎಂದರೆ ಇದು. ಶ್ನೇಬಾಲ್ ಎಂಬ ಇಲ್ಲಿನ ತಿಂಡಿ ಬಂದಾಗಲೂ ಅಷ್ಟೆ. ಹಿಟ್ಟಿನ ಪಟ್ಟಿಗಳನ್ನು ಉಂಡೆಗಟ್ಟಿ ಕರಿದು ಸಕ್ಕರೆಪುಡಿ ಉದುರಿಸಿದ ಈ ಚೆಂಡನ್ನು ಎಲ್ಲರೂ ಫೋಟೋ ತೆಗೆದು ಅರ್ಧ ತಿಂದು ಬಿಡುತ್ತಾರೆ. ಅಮ್ಮ ಮುರಿದು, ಮೂಸಿ, ಎಷ್ಟು ಎಣ್ಣೆ ಹೀರಿದೆ ನೋಡಿ, "ಮೊಟ್ಟೆ ಹಾಕಿರ್ತಾರಾ?" ಎಂದು ವಿಚಾರಿಸುತ್ತಾರೆ. ಹಾಕಿರುತ್ತಾರೆ. ಕೆಲವರು ಹಿಟ್ಟಿಗೆ ಒಂದಿಷ್ಟು ಹಣ್ಣಿನ ಬ್ರಾಂದಿಯನ್ನೂ ಸೇರಿಸುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಯಾರೂ ಹೇಳುವುದಿಲ್ಲ. ಮಧ್ಯಯುಗದ ಅಪರಾಧ ವಸ್ತುಸಂಗ್ರಹಾಲಯದ ಬಳಿ ಒಂದು ಪಂಜರವಿದೆ: ತೂಕದಲ್ಲಿ ಮೋಸ ಮಾಡಿದ ಬ್ರೆಡ್ಡಿನವನನ್ನು ಅದರಲ್ಲಿ ಕೂರಿಸಿ ನೀರಿನಲ್ಲಿ ಅದ್ದುತ್ತಿದ್ದರಂತೆ. ಗಾಂಧಿ ಬಜಾರಿನ ತಕ್ಕಡಿಗಳ ಮೇಲೆ ಕಣ್ಣಿಟ್ಟೇ ವಯಸ್ಸಾದ ಅಮ್ಮನಿಗೆ ಆ ಕಾಲದ ನ್ಯಾಯಾಡಳಿತದ ಮೇಲೆ ಒಮ್ಮೆಲೇ ಗೌರವ ಹುಟ್ಟುತ್ತದೆ.

ಅದೇ ಸಂಗ್ರಹಾಲಯದ ಒಳಗೆ ಕನ್ನಡ ಸಂಸಾರ ಅಗತ್ಯವಾಗಿ ನೋಡಬೇಕಾದ, ನೋಡಿ ಸುಮ್ಮನಿರಬೇಕಾದ ಒಂದು ವಸ್ತುವಿದೆ. ಜಗಳಗಂಟಿ ಹೆಂಗಸರಿಗೆಂದು ಮಾಡಿದ ಮರದ ಕೊರಳಪಟ್ಟಿ, ಆಕಾರ ಪಿಟೀಲಿನದು. ಕತ್ತು, ಕೈ ಎರಡೂ ಸಿಕ್ಕಿಕೊಳ್ಳುತ್ತವೆ. ಅದರಲ್ಲಿ ಜೋಡಿ ಮಾದರಿಯೂ ಉಂಟು: ಇಬ್ಬರನ್ನು ಎದುರುಬದುರು ಸಿಕ್ಕಿಸಿ, ರಾಜಿಯಾಗುವವರೆಗೆ ಬಿಡುತ್ತಿರಲಿಲ್ಲವಂತೆ. ಇದರ ಮುಂದೆ ಅತ್ತೆ ಸೊಸೆಯನ್ನು, ಸೊಸೆ ಅತ್ತೆಯನ್ನು ನೋಡುವುದಿಲ್ಲ. ಇಬ್ಬರೂ ಮಗನನ್ನು ನೋಡುತ್ತಾರೆ. ಹಾಸ್ಯ ಅಲ್ಲಿಗಿರಲಿ. ನೆರೆಹೊರೆಯ ಪ್ರಶ್ನೆ, ಅಂದರೆ "ಇಲ್ಲಿ ಯಾರಿದ್ದರು, ಈಗ ಎಲ್ಲಿ ಹೋದರು?" ಎಂಬುದು, ಈ ಊರಿನಲ್ಲಿ ಕೇಳಲೇಬೇಕಾದದ್ದು. ಯೆಹೂದಿಗಳ ಬೀದಿ ಎಂಬ ಹೆಸರು ಹೊತ್ತ ಓಣಿ ಇಲ್ಲಿ ಇಂದಿಗೂ ಇದೆ. ಹದಿಮೂರನೆಯ ಶತಮಾನದಲ್ಲಿ ರಬ್ಬಿ ಮೇಯಿರ್ ಎಂಬ ದೊಡ್ಡ ಧರ್ಮಪಂಡಿತರು ಇದೇ ಊರಿನಲ್ಲಿ ಪಾಠ ಹೇಳುತ್ತಿದ್ದರು. 1520ರಲ್ಲಿ ಊರು ತನ್ನ ಯೆಹೂದಿಗಳನ್ನು ಓಡಿಸಿತು. ಮತ್ತೆ ಬಂದು ನೆಲೆಸಿದವರನ್ನು 1938ರ ಅಕ್ಟೋಬರಿನಲ್ಲಿ ನಾಜಿಗಳು ಓಡಿಸಿದರು. ಇದೇ ಚಂದದ ಬೀದಿಗಳನ್ನು ಅವರು ಆದರ್ಶ ಜರ್ಮನ್ ಊರಿನ ಮಾದರಿಯೆಂದು ಮೆರೆಸುತ್ತಿದ್ದರು. ಕಿಟಕಿಗಳ ಹೂಕುಂಡ ನೋಡಿ ಮುಂದೆ ಹೋಗುವವರಿಗೆ ಇದು ತಿಳಿಯುವುದಿಲ್ಲ. ಮನೆಯೊಳಗೆ ಯಾರಿದ್ದರು ಎಂದು ಕೇಳುವವರಿಗೆ ತಿಳಿಯುತ್ತದೆ.

ಇನ್ನು ಆಕ್ಷೇಪಣೆಗಳು. ಮೊದಲನೆಯದು ಫೋಟೋ. ಹಿರಿಯರು ಏನನ್ನೂ ನೋಡದೆ, ಪ್ಲ್ಯೋನ್‌ಲೈನ್ ಎಂಬ ಆ ಪ್ರಸಿದ್ಧ ಕವಲುಬೀದಿಯ ಹಳದಿ ಮನೆಯ ಮುಂದೆ ಸೆಟೆದು ನಿಂತು ಫೋಟೋ ತೆಗೆಸಿಕೊಂಡು, ಊರಿಗೆ ಹೋಗಿ ಗೋಡೆಗೆ ತೂಗುಹಾಕುತ್ತಾರೆ ಎಂಬ ದೂರು. ಗೋಡೆಯ ಚಿತ್ರವನ್ನು ಹಗುರವಾಗಿ ಕಾಣಬೇಡಿ. ರೋಟೆನ್‌ಬುರ್ಗ್ ಇವತ್ತು ಇರುವುದು ಅಂಥದೊಂದು ಚಿತ್ರದಿಂದ. ಯುದ್ಧದ ಕೊನೆಯಲ್ಲಿ ಅಮೆರಿಕದ ಯುದ್ಧ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಜಾನ್ ಮೆಕ್‌ಕ್ಲಾಯ್ ಅವರ ತಾಯಿ ಈ ಊರಿನ ಚಿತ್ರವೊಂದನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಅದನ್ನು ನೋಡಿ ಬೆಳೆದ ಮಗ, 1945ರ ಏಪ್ರಿಲ್‌ನಲ್ಲಿ ಫಿರಂಗಿ ದಾಳಿಗೆ ಮುಂಚೆ ಶರಣಾಗತಿಯ ಮಾತುಕತೆ ನಡೆಯುವಂತೆ ನೋಡಿಕೊಂಡರು. ಒಳಗಿದ್ದ ಜರ್ಮನ್ ಅಧಿಕಾರಿಯೂ ಕೊನೆಯವರೆಗೆ ಹೋರಾಡಬೇಕೆಂಬ ಹಿಟ್ಲರನ ಆಜ್ಞೆ ಮೀರಿ ಊರು ಬಿಟ್ಟುಕೊಟ್ಟ. ಅಮ್ಮನೊಬ್ಬಳು ಗೋಡೆಗೆ ಹಾಕಿದ ಚಿತ್ರ ಮಾಡಿದ ಕೆಲಸವನ್ನು ಎಷ್ಟು ಎಕ್ಸೆಲ್ ಪಟ್ಟಿಗಳು ಮಾಡಿಯಾವು? ಹಾಗೆಯೇ ಕ್ರಿಸ್‌ಮಸ್ ಅಂಗಡಿ. ಜೂನ್ ಬಿಸಿಲಿನಲ್ಲಿ ಹಿಮದ ಅಲಂಕಾರ ಮಾರುವವರನ್ನು ಕಂಡು ಮಗ ಮೂಗು ಮುರಿಯುತ್ತಾನೆ; ಅಮ್ಮ ಮರದ ಸಿಪಾಯಿಯೊಬ್ಬನನ್ನು ಆರಿಸಿ ಚೀಲಕ್ಕೆ ಹಾಕುತ್ತಾರೆ. ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಅವನು ಕಾವಲು ನಿಲ್ಲುತ್ತಾನೆ, ಬಂದವರೆಲ್ಲ ಕೇಳುತ್ತಾರೆ, ಊರಿನ ಕಥೆ ಒಂಬತ್ತು ದಿನ ನಡೆಯುತ್ತದೆ.

ಎರಡನೆಯ ಆಕ್ಷೇಪಣೆ ಹಂಪಿ. "ನಮ್ಮ ಹಂಪಿ ಮುಂದೆ ಇದೇನು ಮಹಾ?" ಎಂಬ ಮಾತು ರೋಟೆನ್‌ಬುರ್ಗಿನ ಯಾವುದಾದರೂ ಒಂದು ಮೂಲೆಯಲ್ಲಿ ಬಂದೇ ಬರುತ್ತದೆ. ಇಲ್ಲಿ ಅಪ್ಪನ ಪರ ವಾದಿಸುವುದು ಸ್ವಲ್ಪ ಕಷ್ಟ. ಹಂಪಿ ಸಾಮ್ರಾಜ್ಯದ ರಾಜಧಾನಿ. ಇದು ಬ್ರೆಡ್ಡಿನವರು, ಕಮ್ಮಾರರು, ವರ್ತಕರು ಕೂಡಿ ಬಾಳಿಕೊಂಡ ಪೇಟೆ. ಅಲ್ಲಿ 1565ರ ಯುದ್ಧದ ನಂತರ ಜನ ಹೋದರು, ಕಲ್ಲು ಉಳಿಯಿತು. ಇಲ್ಲಿ 1631ರ ನಂತರವೂ ಜನ ಹೋಗಲಿಲ್ಲ. ಹೋಲಿಸಲೇಬೇಕಿದ್ದರೆ ಶ್ರೀರಂಗಪಟ್ಟಣ ವಾಸಿ. ಅಲ್ಲಿಯೂ ಕೋಟೆಯೊಳಗೆ ಜನ ಇಂದಿಗೂ ಬಟ್ಟೆ ಒಣಗಿಸುತ್ತಾರೆ. ಆದರೆ ಹೋಲಿಕೆ ತಪ್ಪಾದ ಮಾತ್ರಕ್ಕೆ ಹೋಲಿಸುವುದೇ ತಪ್ಪಲ್ಲ. ಕೈಯಲ್ಲಿ ಒಂದು ಅಳತೆಗೋಲು ಇಲ್ಲದವನು ಎಲ್ಲವನ್ನೂ "ವಾವ್" ಎಂಬ ಒಂದೇ ತೂಕದಲ್ಲಿ ತೂಗುತ್ತಾನೆ. ಅಪ್ಪನ ಗೋಲು ಉದ್ದವಾಯಿತು, ಅಷ್ಟೆ.

ಮೂರನೆಯದು ಗಟ್ಟಿಯಾದ ಆಕ್ಷೇಪಣೆ: ನೀರು, ದುಡ್ಡು, ಊಟ ಸರಿ, ಕಲೆಯ ಗತಿಯೇನು? ಸೇಂಟ್ ಯಾಕೋಬ್ ಚರ್ಚಿನ ಮಹಡಿಯ ಮೇಲೆ ಟಿಲ್ಮನ್ ರೀಮೆನ್‌ಶ್ನೈಡರ್ 1501ರಿಂದ 1505ರ ನಡುವೆ ಕೆತ್ತಿದ ಬಲಿಪೀಠವಿದೆ. ಮೆಟ್ಟಿಲು ಹತ್ತಿ ಬಂದ ಅಮ್ಮ ಅದನ್ನು ನೋಡಿ ಎರಡು ಮಾತು ಹೇಳುತ್ತಾರೆ: "ಊಟಕ್ಕೆ ಕೂತಿದಾರೆ. ಬಣ್ಣ ಯಾಕೆ ಹಚ್ಚಿಲ್ಲ?" ಮಗನಿಗೆ ನಾಚಿಕೆ. ಆದರೆ ಕೆತ್ತನೆಯ ವಿಷಯ ಯೇಸುವಿನ ಕೊನೆಯ ಭೋಜನವೇ. ಲಿಂಡೆನ್ ಮರಕ್ಕೆ ಬಣ್ಣ ಬಳಿಯದೆ, ಬೆಳಕು-ನೆರಳಿನಿಂದಲೇ ಮುಖಗಳು ಮಾತಾಡುವಂತೆ ಮಾಡಿದ್ದೇ ಆ ಶಿಲ್ಪಿಯ ಹೆಚ್ಚುಗಾರಿಕೆ. ಎರಡು ಮಾತಿನಲ್ಲಿ ಎರಡೂ ಬಂತು. ಉಳಿದದ್ದನ್ನು ಹೇಳುವುದಕ್ಕೆ ಓದಿಕೊಂಡವರು ಬೇಕು ಎಂಬುದನ್ನು ಒಪ್ಪುತ್ತೇನೆ. ಆ ಭೋಜನದ ಸಾಲಿನಲ್ಲಿ ನಟ್ಟನಡುವೆ ನಿಂತವನು ಗುರುವಲ್ಲ, ಗುರುವಿಗೆ ದ್ರೋಹ ಬಗೆದ ಜೂಡಸ್ ಎಂಬುದು ಹೇಳದೆ ತಿಳಿಯುವುದಿಲ್ಲ. ಮಗ ಬೇಕಾಗುವುದು ಇಲ್ಲಿ. ಪ್ರಶ್ನೆ ಹಿರಿಯರದು, ಉತ್ತರ ಹುಡುಕುವ ಕೆಲಸ ಕಿರಿಯರದು. ಇಬ್ಬರೂ ಜಾಗ ಬದಲಾಯಿಸಿಕೊಂಡಾಗಲೇ ಪ್ರವಾಸ ಕೆಡುವುದು.

ಆದ್ದರಿಂದ ಜರ್ಮನಿಯ ಕನ್ನಡದ ಮಕ್ಕಳಲ್ಲಿ ಒಂದು ವಿನಂತಿ. ಈ ಬೇಸಿಗೆಗೆ ಅಪ್ಪ-ಅಮ್ಮ ಬಂದರೆ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ, ನೀರಿನ ಬಾಟಲಿ ಮನೆಯಿಂದಲೇ ತುಂಬಿಕೊಳ್ಳಿ. ಕೋಟೆಯ ತೋಟದಲ್ಲಿ, ಕಣಿವೆ ಕಾಣುವ ಬೆಂಚು ನೋಡಿ ಕೂರಿಸಿ, ಡಬ್ಬಿ ಬಿಚ್ಚಲು ಬಿಡಿ. ಅವರು ಕೇಳಿದ್ದಕ್ಕೆ "ಗೊತ್ತಿಲ್ಲಮ್ಮ, ಬೇಗ ನಡಿ" ಎನ್ನದೆ ಫೋನು ಅದಕ್ಕೆಂದೇ ಇದೆ ಎಂದು ತೆಗೆದು ನೋಡಿ ಹೇಳಿ. ಮಂಡಿನೋವಿನವರಿಂದ ಪುರಭವನದ ಗೋಪುರದ 220 ಮೆಟ್ಟಿಲು ಮಾತ್ರ ಹತ್ತಿಸಬೇಡಿ; ಗೋಪುರ ಕೆಳಗಿನಿಂದಲೂ ಚೆನ್ನಾಗಿ ಕಾಣುತ್ತದೆ.